ಮಫ್ತಿಯಲ್ಲಿ ನಿಂತ ಕಾನೂನು

ಸಂಜೆ ಆರೂವರೆ ಹೊತ್ತು. ತಾಲ್ಲೂಕಿನಿಂದ ನಮ್ಮ ಊರಿಗೆ ತಿರುಗುವ ಕೂಡುರಸ್ತೆ. ಹಳೇ ಬೈಕಿನ ಮೇಲೆ ನಾವಿಬ್ಬರು. ಮೂರು ಕೈ ದಾಟಿ ಬಂದ ಬೈಕು, ಅದೂ ಗೆಳೆಯನ ಮಾವನದು. ಹುಣಸೆಮರದ ಮರೆಯಿಂದ ಒಬ್ಬ ಮನುಷ್ಯ ನುಗ್ಗಿ ಬಂದು ಅಡ್ಡ ನಿಂತ. ಗೆರೆ ಅಂಗಿ, ಜೀನ್ಸ್ ಪ್ಯಾಂಟು, ಕಾಲಲ್ಲಿ ಹವಾಯಿ ಚಪ್ಪಲಿ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಅವನ ಕೈ ಕೀಲಿಗೆ ಬಂದಿತ್ತು. ಕೀಲಿ ಕಿತ್ತು ಜೇಬಿಗೆ ಇಳಿಸಿಕೊಂಡ. ಆಮೇಲೆ ಕೇಳಿದ: "ಯಾವೂರ್ರೀ?" ಹೇಳಿದೆವು. "ಯಾರ ಪೈಕಿ?" ಅದನ್ನೂ ಹೇಳಿದೆವು. ಮೊದಲ ಪ್ರಶ್ನೆಯಲ್ಲಿದ್ದ 'ರೀ' ಎರಡನೇ ಉತ್ತರದ ಹೊತ್ತಿಗೆ ಉದುರಿಹೋಗಿತ್ತು. "ತೆಗಿಯೋ ಲೈಸೆನ್ಸು. ಇನ್ಶೂರೆನ್ಸ್ ಎಲ್ಲೋ? ಹಿಂದ್ಗಡೆಯವನ ಹೆಲ್ಮೆಟ್ ಎಲ್ಲೋ?"

ಮೊದಲೆರಡು ಇದ್ದವು. ಮೂರನೆಯದು ಇರಲಿಲ್ಲ. ಐನೂರು ಎಂದ. ನಮ್ಮಿಬ್ಬರ ಜೇಬನ್ನೂ ತಡಕಿ ಕೂಡಿಸಿ ಕೊಟ್ಟೆವು. ರಸೀದಿ ಇಲ್ಲ, ಯಂತ್ರ ಇಲ್ಲ, ಚೀಟಿ ಇಲ್ಲ. ನಾವು ಎಣಿಸುತ್ತಿದ್ದಾಗಲೇ ಒಂದು ಬಿಳಿ ಕಾರು ಬಂತು. ಓಡಿಸುತ್ತಿದ್ದವನ ಎದೆಯ ಮೇಲೆ ಬೆಲ್ಟು ಇರಲಿಲ್ಲ, ಕಿವಿಗೆ ಫೋನು ಇತ್ತು. ನಮ್ಮ ಮನುಷ್ಯ ಎಡಗೈಯಲ್ಲಿ ನಮ್ಮ ಲೈಸೆನ್ಸು ಹಿಡಿದುಕೊಂಡೇ ಬಲಗೈ ಎತ್ತಿ ಕಾರಿಗೆ ನಮಸ್ಕಾರ ಮಾಡಿದ. ಕಾರು ಹೋಯಿತು. ಕೀಲಿ ಬಂತು. ನಾವೂ ಹೋದೆವು.

ಅವನು ಪೋಲೀಸಿನವನೋ ಅಲ್ಲವೋ ಇವತ್ತಿಗೂ ನಮಗೆ ಗೊತ್ತಿಲ್ಲ.

ಗೆಳೆಯರೆ, ಈ ಬರಹ ಐನೂರು ರೂಪಾಯಿಯ ಗೋಳಲ್ಲ. ಆದರೂ ಆ ಐನೂರರ ತೂಕ ಎಷ್ಟೆಂದು ಒಂದು ಮಾತಲ್ಲಿ ಹೇಳಿಬಿಡುತ್ತೇವೆ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ. ಒಂದೂವರೆ ದಿನ ಅವ್ವ ಮಣ್ಣು ಹೊತ್ತರೆ ಒಂದು ಹೆಲ್ಮೆಟ್ಟಿನ ದಂಡ. ತಪ್ಪು ನಮ್ಮದೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. 2022 ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ಲೆಕ್ಕವೇ ಹೇಳುತ್ತದೆ. ಅದರಲ್ಲಿ ನೂರಕ್ಕೆ ನಲವತ್ತನಾಲ್ಕರಷ್ಟು ಜನ ನಮ್ಮ ಹಾಗೆ ಎರಡು ಗಾಲಿಯ ಮೇಲೆ ಹೋಗುತ್ತಿದ್ದವರು. ನಡೆದು ಹೋಗುತ್ತಿದ್ದವರ ಲೆಕ್ಕ ಬೇರೆ. ಸಾಯುವವರು ಹೆಚ್ಚಾಗಿ ನಮ್ಮವರೇ ಇರುವಾಗ ಕಾನೂನೇ ಬೇಡ ಅನ್ನುವ ಹುಂಬತನ ನಮ್ಮದಲ್ಲ.

ಈ ಸಂಗತಿಯನ್ನು ನಾವು ಒಬ್ಬ ಮೇಷ್ಟ್ರ ಮುಂದೆ ಇಟ್ಟೆವು. ಒಳ್ಳೆಯವರು, ನಮ್ಮ ಜೊತೆ ಮೆರವಣಿಗೆಯಲ್ಲಿ ನಡೆದವರು. ಅವರು ಅಂದದ್ದು ಹೀಗೆ: "ಅವನು ದುಡ್ಡು ತಿಂದಿದ್ದು ತಪ್ಪು, ಅದು ಬೇರೆ ಮಾತು. ಆದರೆ ಪೋಲೀಸರು ಮಫ್ತೀಲಿ ನಿಂತ್ಕೊಂಡ್ರೆ ಏನ್ರಯ್ಯಾ ತಪ್ಪು? ಜನ ಸರ್ಕಲ್ ಹತ್ರ ಬರೋವರೆಗೂ ಹೆಲ್ಮೆಟ್ಟನ್ನ ಮೊಣಕೈಗೆ ನೇತುಹಾಕ್ಕೊಂಡಿರ್ತಾರೆ. ಖಾಕಿ ಕಂಡ ತಕ್ಷಣ ತಲೆಗೆ ಬರುತ್ತೆ. ಸರ್ಕಲ್ ದಾಟಿದ ಕೂಡ್ಲೇ ಮತ್ತೆ ಮೊಣಕೈಗೆ. ಕಾನೂನು ಅನ್ನೋದು ಸರ್ಕಲ್ಲಲ್ಲಿ ಮಾತ್ರ ಇರೋದಾ? ಯಾವ ಮರದ ಹಿಂದೆ ಯಾರಿದ್ದಾರೋ ಅನ್ನೋ ಅಳುಕಿದ್ರೆ ಎಲ್ಲಾ ಕಡೆ ಸರಿಯಾಗಿ ಹೋಗ್ತಾರೆ. ತಪ್ಪು ಮಾಡದವನಿಗೆ ಭಯ ಯಾಕೆ?"

ಈ ಮಾತನ್ನು ಸುಲಭಕ್ಕೆ ತಳ್ಳಿಹಾಕೋಕೆ ಆಗುವುದಿಲ್ಲ. ಮೊಣಕೈಯ ಹೆಲ್ಮೆಟ್ಟು ನಾವೂ ಕಂಡದ್ದೇ, ನಮ್ಮ ಮೊಣಕೈಯಲ್ಲೇ ಕಂಡದ್ದು. ತಲೆ ನಮ್ಮದು, ಒಡೆದರೆ ಅಳುವ ತಾಯಿ ನಮ್ಮವಳು, ಆದರೂ ಹೆಲ್ಮೆಟ್ಟು ಪೋಲೀಸಿನವನಿಗಾಗಿ ಹಾಕುತ್ತೇವೆ. ಈ ನಾಚಿಕೆಗೇಡಿನ ಬಗ್ಗೆ ಬೇರೆಯೇ ಒಂದು ಲೇಖನ ಬರೆಯಬಹುದು. ಆದರೆ ಮೇಷ್ಟ್ರ ಕೊನೇ ಪ್ರಶ್ನೆ ನಮ್ಮನ್ನು ನಿದ್ದೆ ಮಾಡೋಕೆ ಬಿಡಲಿಲ್ಲ. ತಪ್ಪು ಮಾಡದವನಿಗೆ ಭಯ ಯಾಕೆ? ಈ ಪ್ರಶ್ನೆಯನ್ನು ಕೇಳಬಲ್ಲವನು ರಸ್ತೆಯಲ್ಲಿ ಯಾವತ್ತೂ "ಯಾರ ಪೈಕಿ" ಅನ್ನಿಸಿಕೊಳ್ಳದವನು. ನಮ್ಮ ಅಪ್ಪಂದಿರು ಯಾವ ತಪ್ಪು ಮಾಡಿದ್ದಕ್ಕೆ ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು ಊರ ಬೀದಿ ದಾಟಿದರು?

ಕಾನೂನು ಏನು ಹೇಳುತ್ತದೆ ಅಂತ ಹುಡುಕಿದೆವು. ಓದು ಕಲಿತದ್ದಕ್ಕೆ ಇಷ್ಟಾದರೂ ಮಾಡಬೇಡವೆ? 1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಮು: ಗಾಡಿ ಓಡಿಸುವವನು ಲೈಸೆನ್ಸು ತೋರಿಸಬೇಕಾದದ್ದು ಸಮವಸ್ತ್ರದಲ್ಲಿರುವ ಪೋಲೀಸ್ ಅಧಿಕಾರಿ ಕೇಳಿದಾಗ. 203ನೇ ಕಲಮು: ಕುಡಿದಿದ್ದಾನೆಯೆ ಎಂದು ಉಸಿರು ಊದಿಸಿ ನೋಡುವ ಪೋಲೀಸಿನವನೂ ಸಮವಸ್ತ್ರದಲ್ಲಿರಬೇಕು. ಈ ಕಾಯ್ದೆಯ ವಯಸ್ಸಿನದೇ ಇಂಗ್ಲೆಂಡಿನ ರಸ್ತೆ ಸಂಚಾರ ಕಾಯ್ದೆ, ಅದೂ 1988ರದು. ಅಲ್ಲಿಯೂ ಗಾಡಿ ನಿಲ್ಲಿಸು ಎಂದು ಕೈ ತೋರಿಸುವ ಕಾನ್‌ಸ್ಟೇಬಲ್ಲು ಸಮವಸ್ತ್ರದಲ್ಲಿರಬೇಕೆಂದಿದೆ. ಮೈಮೇಲಿನ ಬಟ್ಟೆಯ ವಿಷಯಕ್ಕೆ ಇಷ್ಟು ದೊಡ್ಡ ಕಾನೂನು ಯಾಕೆ ತಲೆ ಕೆಡಿಸಿಕೊಂಡಿತು?

ನಮಗೆ ಅನ್ನಿಸುವುದು ಇಷ್ಟು. ಖಾಕಿಯನ್ನು ಪೋಲೀಸಿನವನ ಮರ್ಯಾದೆಗೆಂದು ಹೊಲಿಸಿದ್ದಾರೆ ಅಂತ ಎಲ್ಲರೂ ತಿಳಿದಿದ್ದಾರೆ, ಪೋಲೀಸಿನವನಂತೂ ಹಾಗೇ ತಿಳಿದಿದ್ದಾನೆ. ಆದರೆ ಆ ಬಟ್ಟೆ ಅವನದಲ್ಲ, ನಮ್ಮದು. ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಅವನು ತಾನು ಓದಿಕೊಳ್ಳೋಕೆ ಹಾಕಿಕೊಳ್ಳುವುದಿಲ್ಲ. ನಾವು ಓದಲಿ ಅಂತ ಅದು ಅಲ್ಲಿದೆ. 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಾಕಿದ ಕಟ್ಟಳೆಗಳಲ್ಲಿ ಮೊದಲನೆಯದೇ ಇದು: ಬಂಧಿಸುವವನ, ವಿಚಾರಿಸುವವನ ಹೆಸರು ಹುದ್ದೆ ಮೈಮೇಲೆ ಸ್ಪಷ್ಟವಾಗಿ ಕಾಣಬೇಕು. ಯಾಕೆ ಹಾಗೆ ಹೇಳಬೇಕಾಯಿತೆಂದರೆ ಲಾಕಪ್ಪುಗಳಲ್ಲಿ ಜನ ಸಾಯುತ್ತಿದ್ದರು, ಕೊಂದವರಿಗೆ ಹೆಸರಿರಲಿಲ್ಲ. ಹೆಣಕ್ಕೆ ಹೆಸರಿತ್ತು.

ಈ ದೇಶದಲ್ಲಿ ಗುರುತಿನ ಬಟ್ಟೆಯನ್ನು ಮೊದಲು ತೊಡಿಸಿದ್ದು ಪೋಲೀಸರಿಗಲ್ಲ, ನಮಗೆ. ಪೇಶ್ವೆಗಳ ಕಾಲದ ಪುಣೆಯಲ್ಲಿ ಅಸ್ಪೃಶ್ಯನ ಕೊರಳಿಗೆ ಉಗುಳುವ ಮಡಿಕೆ, ಸೊಂಟಕ್ಕೆ ಹೆಜ್ಜೆ ಗುಡಿಸುವ ಪೊರಕೆ, ಅವನೆಂದು ತಿಳಿಯಲಿ ಅಂತ ಕೈಗೋ ಕೊರಳಿಗೋ ಕರೀ ದಾರ ಇದ್ದದ್ದನ್ನು ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಮಲೆಯಾಳ ಸೀಮೆಯಲ್ಲಿ ದಾರಿಯಲ್ಲಿ ಹೋಗುವ ನಮ್ಮವರು ಕೂಗಿಕೊಂಡೇ ಹೋಗಬೇಕಿತ್ತು. ನಾವು ದೂರದಿಂದಲೇ ಕಾಣಬೇಕು, ಕಾಣದಿದ್ದರೆ ಕೇಳಿಸಬೇಕು. ಇದು ಅವರ ಟ್ರಾಫಿಕ್ಕು ಕಾನೂನು. ನಮ್ಮ ಮೈಯೇ ಸಿಗ್ನಲ್ಲು.

ಹಾಗಾದರೆ ನಮ್ಮವರು ಯಾವತ್ತೂ ವೇಷ ಹಾಕಲಿಲ್ಲವೆ? ಹಾಕಿದ್ದಾರೆ. 1901ರಲ್ಲಿ ಸುಮಾರು ಒಂಬತ್ತು ವರ್ಷದ ಹುಡುಗ ಭೀಮರಾವ್ ತನ್ನ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಸಾತಾರದಿಂದ ಕೋರೆಗಾಂವಿಗೆ, ಅಪ್ಪನನ್ನು ನೋಡೋಕೆ ಹೊರಟಿದ್ದ. ಮಸೂರು ಸ್ಟೇಷನ್ನಿನಲ್ಲಿ ಇಳಿದು ನೋಡಿದರೆ ಕರೆದೊಯ್ಯುವವರು ಯಾರೂ ಬಂದಿಲ್ಲ. ಮಹಾರರೆಂದು ತಿಳಿದ ಮೇಲೆ ಗಾಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಅದೂ ಹುಡುಗರೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಕರಾರಿನ ಮೇಲೆ. ಬುತ್ತಿ ಇತ್ತು, ನೀರಿರಲಿಲ್ಲ. ರಾತ್ರಿ ಸುಂಕದ ಕಟ್ಟೆಗೆ ಬಂದಾಗ ಗಾಡಿಯವನು ಉಪಾಯ ಹೇಳಿಕೊಟ್ಟ: ಮುಸಲ್ಮಾನರೆಂದು ಹೇಳಿ ನೀರು ಕೇಳಿ. ಹುಡುಗ ಉರ್ದುವಿನಲ್ಲಿ ಕೇಳಿದ. ಸುಂಕದವನು ನೀರು ಕೊಡಲಿಲ್ಲ. ಆ ಮಕ್ಕಳು ಹಸಿದೇ ಮಲಗಿದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಅವರ ಪುಟ್ಟ ಆತ್ಮಕತೆಯಲ್ಲಿ ಇದೆಲ್ಲ ಇದೆ.

ಈ ವೇಷವನ್ನೂ ಹುಣಸೆಮರದ ಹಿಂದಿನ ವೇಷವನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವವನು ತೂಗಲಿ. ಒಬ್ಬ ನೀರಿಗಾಗಿ ಹೆಸರು ಬಚ್ಚಿಟ್ಟ. ಇನ್ನೊಬ್ಬ ಹಿಡಿಯೋಕೆ ಹೆಸರು ಬಚ್ಚಿಡುತ್ತಾನೆ. ಕೈಲಾಗದವನು ಮರೆಯಾದರೆ ಅದು ಪ್ರಾಣ ಉಳಿಸಿಕೊಳ್ಳುವ ದಾರಿ. ಕೋರ್ಟು, ಲಾಠಿ, ಠಾಣೆ, ಜೈಲು ಎಲ್ಲ ಬೆನ್ನಿಗಿರುವವನು ಮರೆಯಾಗಬೇಕಾದ ಅಗತ್ಯವೇನು?

ನಮ್ಮ ಪುರಾಣಗಳಲ್ಲಿ ಆ ಅಗತ್ಯ ದೇವರಿಗೂ ಬಿದ್ದಿದೆ. ಬಲಿಯ ಯಜ್ಞಶಾಲೆಗೆ ವಾಮನ ಬಂದದ್ದು ಯಾವ ಬಟ್ಟೆಯಲ್ಲಿ? ವಿಷ್ಣುವಿನ ಸಮವಸ್ತ್ರದಲ್ಲಿ ಶಂಖ ಚಕ್ರ ಹಿಡಿದು ಬಂದಿದ್ದರೆ ಬಲಿ ಎರಡು ಮಾತು ಯೋಚಿಸುತ್ತಿದ್ದನೇನೋ. ಮಫ್ತಿಯಲ್ಲಿ ಬಂದ, ಕೊಡೆ ಹಿಡಿದ ಬಡ ಬ್ರಾಹ್ಮಣ ಹುಡುಗನಾಗಿ ಬಂದ. ರಾಜ್ಯಕ್ಕೆ ರಾಜ್ಯವೇ ಮೂರು ಹೆಜ್ಜೆಗೆ ಹೋಯಿತು. ಕೌಟಿಲ್ಯನ ಅರ್ಥಶಾಸ್ತ್ರವಂತೂ ವೇಷಗಳ ಪಟ್ಟಿಯನ್ನೇ ಕೊಡುತ್ತದೆ: ಗೂಢಚಾರ ಶಿಷ್ಯನಾಗಿ ಹೋಗಲಿ, ಸನ್ಯಾಸಿಯಾಗಿ ಹೋಗಲಿ, ಒಕ್ಕಲಿನವನಾಗಿ, ವ್ಯಾಪಾರಿಯಾಗಿ, ಜಟೆ ಬಿಟ್ಟ ತಪಸ್ವಿಯಾಗಿ ಹೋಗಲಿ. ಕಳೆದುಹೋಗಿದ್ದ ಆ ಗ್ರಂಥದ ಓಲೆಗರಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, 1905ರಲ್ಲಿ. ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ರಾಜನೀತಿಯ ಮಹಾಗ್ರಂಥ ಅಂತ ಹೊಗಳಿದ್ದೇ ಹೊಗಳಿದ್ದು. ಪ್ರಜೆಯ ಕಡೆಯಿಂದ ಯಾರೂ ಓದಿದ ಹಾಗೆ ಕಾಣಲಿಲ್ಲ. ಮಫ್ತಿ ಅನ್ನುವ ಪದವೂ ತಮಾಷೆಯದೇ. ಅರಬ್ಬಿಯಲ್ಲಿ ಮುಫ್ತಿ ಎಂದರೆ ಶಾಸ್ತ್ರ ನೋಡಿ ತೀರ್ಪು ಹೇಳುವವನು. ಬ್ರಿಟಿಷ್ ಸೈನ್ಯದವರ ಆಡುಮಾತಿಗೆ ಸಿಕ್ಕಿ ಅದು ಸಮವಸ್ತ್ರವಲ್ಲದ ಬಟ್ಟೆಯ ಹೆಸರಾಯಿತು. ಎರಡು ಅರ್ಥವೂ ಈಗ ಕೂಡುರಸ್ತೆಯಲ್ಲಿ ಒಂದಾಗಿ ನಿಂತಿವೆ. ಮರೆಯಲ್ಲಿ ನಿಂತವನೇ ತೀರ್ಪು ಹೇಳುತ್ತಾನೆ, ದಂಡವನ್ನೂ ಅವನೇ ವಸೂಲು ಮಾಡುತ್ತಾನೆ.

ಈಗ ದೂರದ ಒಂದು ಊರಿಗೆ ಹೋಗಬೇಕು. ದೂರವೆಂದರೆ ಅಮೆರಿಕದ ರಾಜಧಾನಿ ವಾಷಿಂಗ್‌ಟನ್ನು. ಅಲ್ಲಿಯ ಕರಿಯರಿಗೂ ನಮಗೂ ಇರುವ ನಂಟು ಈ ಪತ್ರಿಕೆ ಓದುವವರಿಗೆ ಹೊಸದಲ್ಲ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡದ್ದು ಅಲ್ಲಿಯ ಕರಿ ಚಿರತೆಗಳನ್ನು ಕಂಡೇ.

1993ರ ಜೂನ್ 10ರ ಸಂಜೆ. ಗುರುತಿನ ಬಣ್ಣವಿಲ್ಲದ ಕಾರಿನಲ್ಲಿ ಮಫ್ತಿ ಪೋಲೀಸರು ಗಸ್ತು ಹೊಡೆಯುತ್ತಿದ್ದರು. ಅವರು ಟ್ರಾಫಿಕ್ಕಿನವರಲ್ಲ, ಮಾದಕವಸ್ತು ಹಿಡಿಯುವ ದಳದವರು. ಒಂದು ಕೂಡುರಸ್ತೆಯಲ್ಲಿ ಇಬ್ಬರು ಕರಿಯ ಯುವಕರಿದ್ದ ಗಾಡಿ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತಿತ್ತಂತೆ. ಪೋಲೀಸರ ಕಾರು ಹಿಂದಕ್ಕೆ ತಿರುಗಿತು. ಆ ಗಾಡಿ ಸಿಗ್ನಲ್ ಹಾಕದೆ ಬಲಕ್ಕೆ ತಿರುಗಿ ವೇಗವಾಗಿ ಹೋಯಿತು. ಹಿಡಿದರು. ಒಳಗೆ ಮಾದಕವಸ್ತು ಸಿಕ್ಕಿತು. ಮೊಕದ್ದಮೆ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವ್ರೆನ್ ಮೊಕದ್ದಮೆ ಅನ್ನುತ್ತಾರೆ. ಯುವಕರ ಕಡೆಯ ವಾದ ನೆಟ್ಟಗಿತ್ತು. ವಾಷಿಂಗ್‌ಟನ್ ಪೋಲೀಸಿನ ಸ್ವಂತ ನಿಯಮವೇ ಏನೆನ್ನುತ್ತಿತ್ತೆಂದರೆ, ಮಫ್ತಿಯಲ್ಲಿ ಗುರುತಿಲ್ಲದ ಕಾರಿನಲ್ಲಿರುವವರು ಟ್ರಾಫಿಕ್ ತಪ್ಪಿಗೆ ಯಾರನ್ನೂ ತಡೆಯಕೂಡದು, ಬೇರೆಯವರ ಜೀವಕ್ಕೆ ಆ ಕ್ಷಣವೇ ಅಪಾಯವಾಗುವಂಥ ಭಾರೀ ತಪ್ಪಾದರೆ ಮಾತ್ರ ತಡೆಯಬಹುದು. ಸಿಗ್ನಲ್ಲು ನೆಪ, ಕಣ್ಣಿಗೆ ಬಿದ್ದದ್ದು ಚರ್ಮ ಎಂದರು. 1996ರಲ್ಲಿ ಒಂಬತ್ತೂ ನ್ಯಾಯಾಧೀಶರು ಒಂದೇ ಮಾತಾಗಿ ತೀರ್ಪು ಕೊಟ್ಟರು: ಸಂಚಾರದ ತಪ್ಪು ನಡೆದದ್ದು ನಿಜವಾದರೆ ಸಾಕು, ಪೋಲೀಸಿನವನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಆ ತಡೆ ಸರಿಯೋ ತಪ್ಪೋ ಎಂಬುದಕ್ಕೆ ಸಂಬಂಧವಿಲ್ಲ. ಬಣ್ಣ ನೋಡಿ ಹಿಡಿದರೆಂದು ದೂರಿದ್ದರೆ ಸಮಾನತೆಯ ಕಲಮಿನ ಕೆಳಗೆ ಬೇರೆ ದಾವೆ ಹಾಕಿ.

ಮಾದಕವಸ್ತು ಸಿಕ್ಕಿತಲ್ಲ, ಇನ್ನೇನು ಮಾತು ಎಂದು ಮೇಷ್ಟ್ರು ಕೇಳಿದರು. ಸಿಕ್ಕಿತು, ನಿಜ. ಆದರೆ ಹೀಗೆ ಎಷ್ಟು ಗಾಡಿ ನಿಲ್ಲಿಸಿ, ಮೈ ತಡವಿ, ಏನೂ ಸಿಗದೆ ಬಿಟ್ಟುಕಳಿಸಿರಬಹುದು? ಆ ಮೊಕದ್ದಮೆಗಳು ಯಾವ ಕೋರ್ಟಿಗೂ ಹೋಗುವುದಿಲ್ಲ.

ನಮ್ಮ ತಲೆಯನ್ನು ಕೊರೆಯುತ್ತಿರುವ ಸಂಗತಿ ಇದೇ. ಟ್ರಾಫಿಕ್ ಕಾನೂನು ಬಲು ಸಣ್ಣ ಕಣ್ಣಿನ ಬಲೆ. ಒಂದು ಮೈಲಿ ಗಾಡಿ ಓಡಿಸಿದವನು ಎಲ್ಲೋ ಒಂದು ಕಡೆ ಅದಕ್ಕೆ ಸಿಗದೆ ಇರಲಾರ. ಗೆರೆ ದಾಟಿದ, ಸಿಗ್ನಲ್ ಹಾಕಲಿಲ್ಲ, ಹಿಂದಿನ ದೀಪ ಉರಿಯಲಿಲ್ಲ, ಹೊಗೆಯ ಚೀಟಿ ಮುಗಿದಿದೆ. ಎಲ್ಲರೂ ತಪ್ಪಿತಸ್ಥರಾಗಿರುವ ಕಡೆ ಕಾನೂನು ಯಾರನ್ನು ಹಿಡಿಯಬೇಕೆಂದು ಹೇಳುವುದಿಲ್ಲ, ಹಿಡಿಯುವವನು ಹೇಳುತ್ತಾನೆ. ಅಂದರೆ ಹಿಡಿಯುವುದಕ್ಕಿಂತ ದೊಡ್ಡ ಅಧಿಕಾರ ಬಿಡುವುದು. ಸರ್ಕಲ್ಲಿನ ನಡುವೆ ಬಿಳಿ ಅಂಗಿ ಹಾಕಿ ನಿಂತ ಪೇದೆ ಬಡಪಾಯಿ ಆಟೋದವನನ್ನು ಹಿಡಿದು ಎಮ್ಮೆಲ್ಲೆ ಕಡೆಯವನ ಕಾರನ್ನು ಬಿಟ್ಟರೆ ನೂರು ಜನ ನೋಡುತ್ತಾರೆ. ಹೂ ಮಾರುವವಳು ನೋಡುತ್ತಾಳೆ, ಬಸ್ಸಿನ ಕಿಟಕಿಯವರು ನೋಡುತ್ತಾರೆ, ಯಾರಾದರೂ ಒಬ್ಬ ಹುಡುಗ ಫೋನು ಎತ್ತುತ್ತಾನೆ. ಅವನ ಬಟ್ಟೆಯೇ ಅವನ ಮೇಲಿನ ಕಾವಲು. ಅದೇ ಪೇದೆ ಗೆರೆ ಅಂಗಿಯಲ್ಲಿ ಮರದ ಹಿಂದೆ ನಿಂತರೆ ಅವನು ಹಿಡಿದದ್ದು ಹಿಡಿಸಿಕೊಂಡವನಿಗೆ ಮಾತ್ರ ಗೊತ್ತು. ಬಿಟ್ಟದ್ದು ಯಾರಿಗೂ ಗೊತ್ತಿಲ್ಲ, ಬಿಡಿಸಿಕೊಂಡವನಿಗೂ ಕೂಡ. ಬಿಳಿ ಕಾರಿನವನು ಆ ನಮಸ್ಕಾರವನ್ನು ಯಾರೋ ಹಳ್ಳಿಯವನ ಗೌರವ ಎಂದುಕೊಂಡೇ ಹೋಗಿರುತ್ತಾನೆ. ನಾವು ಅಲ್ಲಿ ಚಿಲ್ಲರೆ ಎಣಿಸುತ್ತಾ ನಿಂತಿರದಿದ್ದರೆ ಆ ಬಿಡುಗಡೆಗೆ ಸಾಕ್ಷಿಯೇ ಇರುತ್ತಿರಲಿಲ್ಲ. ಖಜಾನೆಗೆ ಬಂದ ದಂಡಕ್ಕೆ ಲೆಕ್ಕವಿದೆ. ಬಿಟ್ಟವರ ಲೆಕ್ಕ ಯಾವ ಪುಸ್ತಕದಲ್ಲಿದೆ?

ಖಾಕಿಯನ್ನು ಹೊಗಳೋಕೆ ಕೂತಿದ್ದೇವೆ ಎಂದು ಯಾರೂ ತಿಳಿಯಬೇಡಿ. ಸಮವಸ್ತ್ರದ ಬೂಟು ನಮ್ಮ ಕೇರಿಗೆ ಹೊಸದಲ್ಲ. ಜಮೀನಿಗಾಗಿ ನಿಂತಾಗ, ಕೆರೆಯ ನೀರಿಗಾಗಿ ನಿಂತಾಗ ಬಂದದ್ದು ಅದೇ ಬೂಟು. ಆದರೆ ಬೂಟಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಹೆಸರು, ಆ ಹೆಸರು ಹಿಡಿದು ಬರೆದ ಅರ್ಜಿ. ಅರ್ಜಿ ಕಸದ ಬುಟ್ಟಿಗೆ ಹೋದರೂ ಬರೆಯೋಕೆ ಒಂದು ಹೆಸರಿತ್ತು. ಮತ್ತೆ, ಮಫ್ತಿಯೆಲ್ಲ ಪಾಪ ಅನ್ನುವ ಮಡಿವಂತಿಕೆಯೂ ನಮಗಿಲ್ಲ. ಲಂಚ ತಿನ್ನುವ ಅಧಿಕಾರಿಯನ್ನು ಹಿಡಿಯೋಕೆ ಲೋಕಾಯುಕ್ತದವರು ನೋಟಿಗೆ ಪುಡಿ ಬಳಿದು ಮಫ್ತಿಯಲ್ಲಿ ಕಾಯುತ್ತಾರೆ. ಅವನ ಬೆರಳನ್ನು ಸೋಡಾ ನೀರಿಗೆ ಅದ್ದಿದಾಗ ನೀರು ಕೆಂಪಗಾದರೆ ನಾವು ಚಪ್ಪಾಳೆ ಹೊಡೆಯುತ್ತೇವೆ. ಇದು ಇಬ್ಬಗೆ ನೀತಿಯಲ್ಲವೆ? ಎಷ್ಟೋ ಹೊತ್ತು ಯೋಚಿಸಿದೆವು. ಅಲ್ಲ ಅನ್ನಿಸಿತು. ಅಲ್ಲಿ ವೇಷದವರು ನೋಡುತ್ತಿರುವುದು ಮೇಲಕ್ಕೆ. ಕುರ್ಚಿಯ ಮೇಲೆ ಕೂತವನನ್ನು, ದೂರು ಬಂದ ಒಬ್ಬನೇ ಒಬ್ಬನನ್ನು. ಅದೂ ಪಂಚರ ಎದುರಿಗೆ, ಕಾಗದದ ಮೇಲೆ ಬರೆದುಕೊಂಡು. ಕೂಡುರಸ್ತೆಯ ವೇಷ ಕೆಳಕ್ಕೆ ನೋಡುತ್ತದೆ. ಬಂದವರನ್ನೆಲ್ಲ ನೋಡುತ್ತದೆ, ಬೇಕಾದವರನ್ನು ಆರಿಸಿಕೊಳ್ಳುತ್ತದೆ. ಓಕ್ಲೆಂಡಿನ ಕರಿ ಚಿರತೆಗಳು 1966ರಲ್ಲಿ ಶುರುಮಾಡಿದ ಮೊದಲ ಕೆಲಸವೇ ಕೈಯಲ್ಲಿ ಕಾನೂನಿನ ಪುಸ್ತಕ, ಹೆಗಲಲ್ಲಿ ಬಂದೂಕು ಹಿಡಿದು ಪೋಲೀಸು ಗಾಡಿಗಳ ಹಿಂದೆ ಬಹಿರಂಗವಾಗಿ ಹೋಗಿ ನಿಂತು ನೋಡುವುದು. ಕಂಬದ ಮೇಲಿನ ಕ್ಯಾಮೆರಾ ಕೂಡ ಒಂದು ಬಗೆಯ ಮಫ್ತಿ ತಾನೇ ಎಂದು ಗೆಳೆಯ ಕೇಳುತ್ತಾನೆ. ಇರಬಹುದು. ಅದಾದರೂ ನಂಬರು ನೋಡುತ್ತದೆ, ಚಿತ್ರ ಇಡುತ್ತದೆ, ಯಾರ ಪೈಕಿ ಅಂತ ಕೇಳುವುದಿಲ್ಲ.

ಇನ್ನೊಂದು ಮಾತಿದೆ, ಅದನ್ನು ಹೇಳದೆ ಈ ಬರಹ ಮುಗಿಯುವುದಿಲ್ಲ. ಈ ದೇಶದ ರಸ್ತೆಯಲ್ಲಿ ಸಮವಸ್ತ್ರವಿಲ್ಲದೆ ಮನುಷ್ಯರನ್ನು ತಡೆದು ನಿಲ್ಲಿಸುತ್ತಿದ್ದವರು ಯಾರು? 1893ರಲ್ಲಿ ಅಯ್ಯಂಕಾಳಿ ವೆಂಙಾನೂರಿನಲ್ಲಿ ಎತ್ತಿನ ಬಂಡಿ ಕಟ್ಟಿಕೊಂಡು ಸಾರ್ವಜನಿಕ ರಸ್ತೆಗೆ ಇಳಿದಾಗ ಅಡ್ಡ ಬಂದವರಿಗೆ ಖಾಕಿ ಇರಲಿಲ್ಲ. ವೈಕಂನಲ್ಲಿ 1924ರಿಂದ 1925ರವರೆಗೆ ಜನ ಬಡಿದಾಡಿದ್ದು ದೇವಸ್ಥಾನದ ಒಳಗೆ ಹೋಗೋಕಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ನಡೆಯೋಕೆ. 2017ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಬೆಹರೋರ್ ಹತ್ತಿರ ಹೆದ್ದಾರಿಯಲ್ಲಿ ಗಾಡಿ ತಡೆದು, ಹೈನುಗಾರಿಕೆಗೆ ದನ ತರುತ್ತಿದ್ದ ಪೆಹ್ಲು ಖಾನ್ ಎಂಬ ರೈತನನ್ನು ಬಡಿದರಲ್ಲ, ಎರಡು ದಿನಕ್ಕೆ ಆತ ಸತ್ತನಲ್ಲ, ಆ ಗುಂಪಿನ ಮೈಮೇಲೂ ಯಾವ ಇಲಾಖೆಯ ಬಟ್ಟೆಯೂ ಇರಲಿಲ್ಲ. ಊರ ಮುಂದಿನ ಅರಳಿಕಟ್ಟೆಯಿಂದ ಎದ್ದು ಬಂದು ನಮ್ಮ ಮದುಮಗನನ್ನು ಕುದುರೆಯಿಂದ ಇಳಿಸಿದವನು, ಸೈಕಲ್ಲಿನಿಂದ ಇಳಿದು ನಡಿ ಎಂದವನು, ಅವನೂ ಗೆರೆ ಅಂಗಿಯವನೇ. ನೂರಾರು ವರ್ಷ ನಮ್ಮನ್ನು ತಡೆದವನಿಗೂ ಸರ್ಕಾರಕ್ಕೂ ಇರುವ ವ್ಯತ್ಯಾಸ ರಸ್ತೆಯಲ್ಲಿ ನಮ್ಮ ಕಣ್ಣಿಗೆ ಕಾಣುವುದು ಒಂದೇ ಒಂದು: ಬಟ್ಟೆ. ಸರ್ಕಾರ ಅದನ್ನೂ ಬಿಚ್ಚಿಟ್ಟು ಬಂದರೆ ನಾವು ಯಾರನ್ನು ಯಾರೆಂದು ತಿಳಿಯಬೇಕು? ಗಾಡಿ ನಿಲ್ಲಿಸಬೇಕೋ, ಪ್ರಾಣ ಕೈಯಲ್ಲಿ ಹಿಡಿದು ಓಡಿಸಿಕೊಂಡು ಹೋಗಬೇಕೋ? ನಿಲ್ಲಿಸಿದರೆ ಬಡಿಯುವವನು ಇರಬಹುದು. ನಿಲ್ಲಿಸದಿದ್ದರೆ ಪೋಲೀಸರಿಂದ ತಪ್ಪಿಸಿಕೊಂಡು ಓಡಿದನೆಂಬ ಕೇಸು ಬೀಳಬಹುದು.

ಆ ದಿನ "ನೀವು ಯಾರು ಸಾರ್?" ಅಂತ ನಾವು ಕೇಳಲಿಲ್ಲ. ಬಾಯಿ ತುದಿಗೆ ಬಂದಿತ್ತು. ಬಿ.ಎ. ಮುಗಿಸಿದ್ದೇವೆ, ಸಭೆಗಳಲ್ಲಿ ಪದ್ಯ ಓದುತ್ತೇವೆ, ಆ ಮೂರು ಪದ ಆಡೋಕೆ ಆಗಲಿಲ್ಲ.

ಮನೆಗೆ ಬಂದು ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆವು. ಅಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. ಪೂರ್ತಿ ಕೇಳಿಸಿಕೊಂಡ. ಐನೂರು ಅಂದಾಗಲೂ ತಲೆ ಎತ್ತಲಿಲ್ಲ.

"ಅವ್ನ ಹೆಸ್ರು ಕೇಳಿದ್ರಾ?"

"ಇಲ್ಲ."

"ನಿಮ್ದು ಕೇಳಿದ್ನಾ?"

"ಹೂಂ. ಊರೂ ಕೇಳಿದ. ಯಾರ ಪೈಕಿ ಅಂತಾನೂ ಕೇಳಿದ."

ಅಪ್ಪ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಅಗಿದ. ಆಮೇಲೆ, "ಹಂಗಾರೆ ನಂಗೊತ್ತಿರೋನೇ" ಅಂದು ಎದ್ದು ಎತ್ತಿಗೆ ಹುಲ್ಲು ಹಾಕೋಕೆ ಹೋದ.